ಸರಳ ಬದುಕು: ಬಳಕೆಯ ಕೈಪಿಡಿ

ಸರಳ ಬದುಕನ್ನು ಆರಿಸಿಕೊಂಡ ನಿಮಗೆ ಅಭಿನಂದನೆಗಳು. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದತಕ್ಕದ್ದು. ಪುರುಸೊತ್ತಿಲ್ಲ ಎಂಬ ಕಾರಣಕ್ಕೇ ನೀವು ಇದನ್ನು ತರಿಸಿಕೊಂಡಿರುವುದರಿಂದ, ಕ್ಯಾಬಿನ ಹಿಂದಿನ ಸೀಟಿನಲ್ಲಿ ಕೂತು ಓದಿದರೂ ಅಡ್ಡಿಯಿಲ್ಲ. ಸಂಜೆ ಆರರ ಮೇಲೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡವರು ಒಂದೇ ಉಸಿರಿಗೆ ಮುಗಿಸಬಹುದು.

ಪೆಟ್ಟಿಗೆಯಲ್ಲಿ ಏನೇನಿದೆ

ಏನೂ ಇಲ್ಲ. ಖಾಲಿ ಬಂದಿದೆಯೆಂದು ವಾಪಸ್ ಕಳಿಸಬೇಡಿ, ಸರಕೇ ಅದು. ಪೆಟ್ಟಿಗೆಯನ್ನು ಮಾತ್ರ ‘ಮನೆ ಬದಲಾಯಿಸುವಾಗ ಬೇಕಾಗುತ್ತೆ’ ಎಂದು ಅಟ್ಟಕ್ಕೇರಿಸಕೂಡದು. ಅಲ್ಲಿ ಈಗಾಗಲೇ ಮಿಕ್ಸಿಯ ಪೆಟ್ಟಿಗೆಯಿದೆ. ಅದರೊಳಗೆ ಥರ್ಮೋಕೋಲ್ ಇದೆ, ಥರ್ಮೋಕೋಲಿನ ನಡುವೆ ಮಿಕ್ಸಿಯ ಆಕಾರದ ಗುಂಡಿಯಿದೆ. ಮಿಕ್ಸಿ ಗುಜರಿಗೆ ಹೋಗಿ ಎರಡು ದೀಪಾವಳಿ ಕಳೆದಿವೆ.

ಎಚ್ಚರಿಕೆ

ಸರಳವಾಗುವುದಕ್ಕೆಂದು ಯಾವ ಸಾಮಾನನ್ನೂ ಕೊಳ್ಳಬೇಡಿ. ಬಿದಿರಿನ ಬ್ರಷ್ಷು, ಒಂದೇ ಅಳತೆಯ ಗಾಜಿನ ಡಬ್ಬಗಳು, ಡಬ್ಬಕ್ಕೆ ಅಂಟಿಸುವ ‘ತೊಗರಿಬೇಳೆ’ ಎಂಬ ಚೀಟಿ, ಇವೆಲ್ಲ ಈ ಉತ್ಪನ್ನದ ಬಿಡಿಭಾಗಗಳಲ್ಲ. ತೊಗರಿಬೇಳೆ ಕಣ್ಣಿಗೇ ಕಾಣುತ್ತದೆ. ಬಟ್ಟೆಯ ಚೀಲವನ್ನಂತೂ ಕೊಳ್ಳಲೇಬೇಡಿ. ಕರ್ನಾಟಕದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾಗುವ ಎಷ್ಟೋ ಮುಂಚಿನಿಂದ ನಿಮ್ಮ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ತಾಂಬೂಲದ ಚೀಲಗಳು ನೇತುಬಿದ್ದಿವೆ. ವಧೂವರರ ಹೆಸರು, ಛತ್ರದ ವಿಳಾಸ, ಮುಹೂರ್ತ ಸಮೇತ. ಆ ಮೊಳೆಯನ್ನಷ್ಟೇ ಬಾಗಿಲ ಹಿಂದಿನಿಂದ ಸ್ಕೂಟರ್ ಬೀಗದ ಕೈ ಇಡುವ ಜಾಗಕ್ಕೆ ಬದಲಾಯಿಸಿ. ಅಷ್ಟೇ ಖರ್ಚು.

ಇನ್ನೊಂದು ಎಚ್ಚರಿಕೆ. ಈ ಉತ್ಪನ್ನವನ್ನು ಹೆನ್ರಿ ಡೇವಿಡ್ ಥೋರೋ ಎಂಬಾತ 1845ರಲ್ಲಿ ಅಮೆರಿಕದ ವಾಲ್ಡನ್ ಕೊಳದ ದಂಡೆಯಲ್ಲಿ ಪರೀಕ್ಷಿಸಿ ನೋಡಿದ. ಹೆಂಡತಿ ಮಕ್ಕಳಿರಲಿಲ್ಲ, ಗುಡಿಸಲು ಕಟ್ಟಿದ ಜಾಗ ಗೆಳೆಯ ಎಮರ್ಸನ್ನನದು, ಎರಡು ವರ್ಷ ಎರಡು ತಿಂಗಳಿಗೆ ಅವನೂ ಊರಿಗೆ ಮರಳಿದ. ಗೃಹಸಾಲದ ಇಎಂಐ, ಮಕ್ಕಳ ಯೂನಿಟ್ ಟೆಸ್ಟು ಮತ್ತು ಕಾವೇರಿ ನೀರು ಬಾರದ ದಿನದ ಟ್ಯಾಂಕರ್ ಇರುವ ಮನೆಗಳಲ್ಲಿ ಪರೀಕ್ಷೆ ನಡೆದ ದಾಖಲೆ ನಮ್ಮಲ್ಲಿಲ್ಲ.

ವಿದ್ಯುತ್ ಸಂಪರ್ಕ (ತಪ್ಪದೆ ಓದಿ)

ಬಹುಪಾಲು ಮನೆಗಳಲ್ಲಿ ಯಂತ್ರ ಕೆಡುವುದು ಇಲ್ಲಿಯೇ. ಸರಳ ಬದುಕು ತಾನಾಗಿ ಓಡುವುದಿಲ್ಲ, ಯಾರದೋ ರಟ್ಟೆಯ ಬಲದಿಂದ ಓಡುತ್ತದೆ. ಆ ರಟ್ಟೆ ಯಾರದು ಎಂಬುದನ್ನು ಅಳವಡಿಕೆಗೆ ಮೊದಲೇ ಗೊತ್ತುಮಾಡಿಕೊಳ್ಳಿ.

ಉದಾಹರಣೆಗೆ, 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಸಾರಿತು. ಆಗ ಒಂದು ಮನೆಯ ಯಜಮಾನರು ಭಾಷಣವೊಂದನ್ನು ಕೇಳಿ ಬಂದು ನವಣೆ, ಸಾಮೆ, ಊದಲು, ಕೊರಲೆ, ಹಾರಕ ಎಲ್ಲವನ್ನೂ ಒಂದೊಂದು ಕಿಲೋ ಹೊತ್ತುತಂದರು. ‘ಇನ್ನು ಮೇಲೆ ಇದೇ. ನಮ್ಮ ಅಜ್ಜ ತಿಂತಿದ್ದದ್ದು ಇದನ್ನೇ ಕಣೇ.’

‘ನಿಮ್ಮ ಅಜ್ಜ ತಿಂತಿದ್ರು ರೀ. ನೆನೆಹಾಕ್ತಿದ್ದದ್ದು ಯಾರು ಅಂತ ಕೇಳಿದ್ರಾ?’

ಕಿರುಧಾನ್ಯ ಆರೆಂಟು ತಾಸು ನೆನೆಯಬೇಕು. ನಾಳೆ ಮಧ್ಯಾಹ್ನದ ಡಬ್ಬಿಗೆ ಇಂದು ರಾತ್ರಿಯೇ ನೆನಪಾಗಬೇಕು, ಆ ನೆನಪು ಯಾವತ್ತೂ ಯಜಮಾನರಿಗೆ ಆಗುವುದಿಲ್ಲ. ತಾಮ್ರದ ಬಾಟಲಿಯದ್ದೂ ಇದೇ ಕಥೆ. ಆಫೀಸಿನ ಮೇಜಿನ ಮೇಲೆ ಅದು ಫಳಫಳ ಹೊಳೆಯುತ್ತದೆ, ಕಂಡವರೆಲ್ಲ ಮೆಚ್ಚುತ್ತಾರೆ. ಕಿಲುಬು ಕಟ್ಟಿದಾಗ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕುವ ಕೈ ಮಾತ್ರ ಆ ಆಫೀಸಿನಲ್ಲಿ ಇಲ್ಲ. ಭಾನುವಾರ ಬೆಳಿಗ್ಗೆ ಸಿಂಕಿನ ಬಳಿ ಇರುತ್ತದೆ. ಬಾಯಿ ಕಿರಿದಾದ್ದರಿಂದ ಬೆರಳು ಒಳಗೆ ಹೋಗುವುದಿಲ್ಲ. ಬಾಟಲಿ ತೊಳೆಯುವ ಬ್ರಷ್ಷನ್ನು ಬೇರೆ ತರಬೇಕು. ಸರಳತೆ ದುಬಾರಿಯೆಂಬುದು ಹೊಸ ಮಾತಲ್ಲ. ಬಾಪುವನ್ನು ಬಡತನದಲ್ಲಿ ಇಟ್ಟುಕೊಳ್ಳಲು ಎಷ್ಟು ಖರ್ಚಾಗುತ್ತದೆ ಗೊತ್ತೇ ಎಂದು ಸರೋಜಿನಿ ನಾಯ್ಡು ನಗೆಯಾಡಿದ್ದರೆಂಬ ಮಾತು ಪ್ರಸಿದ್ಧ. ಆದರೆ ಬಾಪು ತಮ್ಮ ನೂಲನ್ನು ತಾವೇ ನೂತರು, ಆಶ್ರಮದ ಪಾಯಿಖಾನೆಯನ್ನೂ ತೊಳೆದರು. ನಮ್ಮ ಯಜಮಾನರು ಇನ್ನೂ ಬಾಟಲಿಯ ಹಂತಕ್ಕೇ ಬಂದಿಲ್ಲ.

ಆದ್ದರಿಂದ ಪ್ಲಗ್ ಹಾಕುವ ಮುನ್ನ ಪರೀಕ್ಷೆ: ಸರಳತೆಯ ಐಡಿಯಾ ಯಾರದೋ, ಅದರ ಕೆಲಸವೂ ಅವರದೇ. ಒಪ್ಪಿಗೆಯಿಲ್ಲದಿದ್ದರೆ ಐಡಿಯಾವನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಗುಜರಿಗೆ ಹಾಕಿ.

ಅಳವಡಿಕೆ

ಒಮ್ಮೆಗೇ ಬೇಡ. ಹೊಸ ಕೆಲಸ ಹುಟ್ಟಿಸುವ ಯಾವುದನ್ನೂ ಮುಟ್ಟದೆ, ಇರುವ ಕೆಲಸದಲ್ಲಿ ಒಂದನ್ನು ನಿಲ್ಲಿಸಿ. ಅದು ನಿಂತದ್ದು ಮನೆಯಲ್ಲಿ ಯಾರ ಗಮನಕ್ಕೂ ಬರದಷ್ಟು ಹಳತಾದ ಮೇಲೆ ಇನ್ನೊಂದು.

ಶುರುವಿಗೆ ‘ನಾಳೆ ತಿಂಡಿಗೇನು?’ ಎಂಬ ರಾತ್ರಿ ಹತ್ತರ ಪ್ರಶ್ನೆಯನ್ನು ಕಳಚಿ. ಸೋಮವಾರ ಉಪ್ಪಿಟ್ಟು, ಮಂಗಳವಾರ ಅವಲಕ್ಕಿ, ಬುಧವಾರ ಚಿತ್ರಾನ್ನ, ಹೀಗೆ ಒಂದು ಸಲ ಬರೆದು ಫ್ರಿಜ್ಜಿಗೆ ಅಂಟಿಸಿದರೆ ಮುಗಿಯಿತು. ಉಪ್ಪಿಟ್ಟನ್ನು ಕಾಂಕ್ರೀಟ್ ಎಂದು ಜರೆಯುವವರು ಆ ದಿನ ತಾವೇ ಒಲೆ ಹಚ್ಚಬಹುದು.

ವಾಟ್ಸಾಪ್ ಗುಂಪುಗಳನ್ನು ಆಮೇಲೆ ನೋಡಿಕೊಳ್ಳಿ. 2022ರಿಂದ ಸದ್ದಿಲ್ಲದೆ ಗುಂಪು ಬಿಡುವ ಸೌಲಭ್ಯ ಬಂದಿದೆ, ಬಿಟ್ಟ ಸುದ್ದಿ ಅಡ್ಮಿನ್‌ಗೆ ಮಾತ್ರ ಹೋಗುತ್ತದೆ. ಕುಟುಂಬದ ಗುಂಪಿನ ಅಡ್ಮಿನ್ ನಿಮ್ಮ ಚಿಕ್ಕಪ್ಪನೇ ಆಗಿರುವುದರಿಂದ ಅಲ್ಲಿ ಈ ಸೌಲಭ್ಯ ಕೆಲಸ ಮಾಡುವುದಿಲ್ಲ. ಮ್ಯೂಟ್ ಮಾಡಿ, ದಿನಕ್ಕೊಂದು ಕೈಮುಗಿದ ಚಿತ್ರ ಕಳಿಸಿ.

ಆಫೀಸಿನ ಕಾಲ್‌ಗಳನ್ನು ಕೊನೆಗೆ ಮುಟ್ಟಿ. ನ್ಯೂಯಾರ್ಕಿನ ಬೆಳಿಗ್ಗೆ ಹತ್ತರ ಮೀಟಿಂಗು ಬೇಸಿಗೆಯಲ್ಲಿ ನಮಗೆ ಸಂಜೆ ಏಳೂವರೆ. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಿಟ್ಟರೆ ನಮ್ಮ ಊಟ ಎಂಟೂವರೆಯಿಂದ ಮುಂದಕ್ಕೆ ಹೋಗುತ್ತದೆ. ವಾರದಲ್ಲಿ ಒಂದೇ ಒಂದು ಸಂಜೆ ‘ನಾನು ಬರಲಾಗುವುದಿಲ್ಲ’ ಎಂದು ಬರೆದು ಕಳಿಸಿ. ಕಾರಣ ಬರೆಯಬೇಡಿ, ಕಾರಣ ಬರೆದರೆ ಅದಕ್ಕೊಂದು ಪರಿಹಾರ ಹುಡುಕಿಕೊಡುತ್ತಾರೆ.

ದೋಷಗಳು ಮತ್ತು ಪರಿಹಾರ

*ಹಳೇ ಬಟ್ಟೆ ಕೊಟ್ಟು ಬೀರು ಖಾಲಿ ಮಾಡಿದೆವು, ಮನೆ ಖಾಲಿಯಾಗಲಿಲ್ಲ.* ಬಟ್ಟೆಗೆ ಬದಲಾಗಿ ಪಾತ್ರೆಯವಳಿಂದ ಸ್ಟೀಲ್ ಬೋಗುಣಿ ತೆಗೆದುಕೊಂಡಿದ್ದೀರಿ. ಅದನ್ನು ಕೊಟ್ಟು ಕೈತೊಳೆದುಕೊಳ್ಳುವ ವ್ಯವಸ್ಥೆ ಯಾರ ಹತ್ತಿರವೂ ಇಲ್ಲ.

*ಮಕ್ಕಳು ಹುಟ್ಟಿದ ಮೇಲೆ ಮನೆ ಓರಣವಾಗಿ ನಿಲ್ಲುತ್ತಿಲ್ಲ.* ಇದು ದೋಷವಲ್ಲ. ಮನೆ ಓರಣದ ಪುಸ್ತಕ ಬರೆದು ಜಗತ್ತಿಗೇ ಹೆಸರಾದ ಜಪಾನಿನ ಮಾರೀ ಕೊಂಡೋ ಕೂಡ ಮೂರನೆಯ ಮಗುವಾದ ಮೇಲೆ ತಮ್ಮ ಮನೆಯಲ್ಲಿ ಅದನ್ನು ಹೆಚ್ಚುಕಡಿಮೆ ಕೈಬಿಟ್ಟಿದ್ದೇನೆಂದು 2023ರಲ್ಲಿ ಒಪ್ಪಿಕೊಂಡರು.

*ಪುರುಸೊತ್ತು ಸಿಕ್ಕಿತು, ಏನು ಮಾಡಬೇಕೋ ತೋಚುತ್ತಿಲ್ಲ.* ಯೋಗ ತರಗತಿಗೆ ಸೇರಬೇಡಿ. ಸ್ವಲ್ಪ ಹೊತ್ತು ಹಾಗೇ ಕೂತಿರಿ.

ವಾರಂಟಿ

ಹಬ್ಬದ ಆಫರ್, ಗೃಹಪ್ರವೇಶದ ಉಡುಗೊರೆ, ‘ಇರಲಿ ಬಿಡಿ, ಯಾವತ್ತಾದರೂ ಬೇಕಾಗುತ್ತೆ’ ಎಂಬ ಅತ್ತೆಯವರ ಮಾತು, ಇವುಗಳಿಂದಾದ ಹಾನಿಗೆ ವಾರಂಟಿ ಅನ್ವಯಿಸದು. ನಮ್ಮ ಗ್ರಾಹಕ ಸೇವಾ ಕೇಂದ್ರ ಸಂಜೆ ಆರಕ್ಕೆ ಮುಚ್ಚುತ್ತದೆ. ಆರೂ ಐದಕ್ಕೆ ಕರೆ ಮಾಡಿ ಯಾರೂ ಎತ್ತಲಿಲ್ಲವೆಂದು ನಿಮಗೆ ಸಿಟ್ಟು ಬಂದರೆ, ಅಳವಡಿಕೆಯ ಭಾಗವನ್ನು ಇನ್ನೊಮ್ಮೆ ಓದಿ.