ಕೊಲಂಬೊ ಮಾರ್ಗವಾಗಿ ಬಂದ ಮೆಣಸಿನಕಾಳಿಗೆ ಬಹಿರಂಗ ಪತ್ರ

ಸನ್ಮಾನ್ಯ ಕಾಳುಮೆಣಸಿನವರೇ,

ಮೈಸೂರಿನ ಯಾವುದೋ ದಿನಸಿ ಅಂಗಡಿಯ ಗೋಣಿಚೀಲದಲ್ಲಿ ತಾವು ಕ್ಷೇಮವಾಗಿದ್ದೀರಿ ಎಂದು ಭಾವಿಸಿ ಈ ಓಲೆ ಬರೆಯುತ್ತಿದ್ದೇನೆ. ಚೀಲಕ್ಕೆ ಸಿಕ್ಕಿಸಿದ ಚೀಟಿಯಲ್ಲಿ ‘ಕೊಡಗಿನ ಮಾಲು’ ಎಂದಿದೆ. ಮನೆಗೆ ಬಂದವರನ್ನು ಕೂರಿಸಿ, ನೀರು ಕೊಟ್ಟು, ಆಮೇಲೆ ‘ತಮ್ಮದು ಯಾವೂರಾಯ್ತು?’ ಎಂದು ಕೇಳುವುದು ನಮ್ಮ ಕಡೆಯ ಪದ್ಧತಿ. ನಿಮ್ಮ ವಿಷಯದಲ್ಲಿ ಅದು ನಡೆಯುವುದಿಲ್ಲ. ಸಾರಿನಲ್ಲಿ ಕುದಿದುಹೋದ ಮೇಲೆ ಊರು ಕೇಳಿ ಏನು ಬಂತು? ಹಾಗಾಗಿ ನಿಮ್ಮ ಪ್ರವರವನ್ನು ನಾನೇ ಹೇಳಿಬಿಡುತ್ತೇನೆ, ತಪ್ಪಿದ್ದರೆ ತಿದ್ದಿ.

ತಾವು ಹುಟ್ಟಿದ್ದು ವಿಯೆಟ್ನಾಮಿನಲ್ಲಿ. ಅಲ್ಲಿಂದ ನೇರವಾಗಿ ಭಾರತಕ್ಕೆ ಬಂದಿದ್ದರೆ ಸುಂಕದ ಕಟ್ಟೆಯಲ್ಲಿ ಶೇ 70 ಕಕ್ಕಬೇಕಿತ್ತು. ಆಸಿಯಾನ್ ಒಪ್ಪಂದದ ರಿಯಾಯಿತಿ ಕೇಳಿದ್ದರೂ ಶೇ 50ಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ಆದರೆ 1998ರ ಡಿಸೆಂಬರ್ 28ರಂದು ನಮ್ಮ ಪ್ರಧಾನಿ ವಾಜಪೇಯಿಯವರೂ ಶ್ರೀಲಂಕಾದ ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ಅವರೂ ಒಂದು ಕಾಗದಕ್ಕೆ ಸಹಿ ಹಾಕಿದ್ದರು. 2000ದ ಮಾರ್ಚ್‌ನಿಂದ ಜಾರಿಗೆ ಬಂದ ಆ ಮುಕ್ತ ವ್ಯಾಪಾರ ಒಪ್ಪಂದದಡಿ ಶ್ರೀಲಂಕಾದ ಮೆಣಸು ವರ್ಷಕ್ಕೆ 2,500 ಟನ್‌ವರೆಗೆ ಸುಂಕವಿಲ್ಲದೆ ಬರಬಹುದಾಯಿತು. ಅದಕ್ಕೆ ಮೇಲ್ಪಟ್ಟದ್ದಕ್ಕೆ ಸಾರ್ಕ್ ದೇಶಗಳ ಒಪ್ಪಂದದಡಿ ಬರೀ ಶೇ 8. ಎಪ್ಪತ್ತೆಲ್ಲಿ, ಎಂಟೆಲ್ಲಿ! ಕೊಲಂಬೊ ಬಂದರಿನಲ್ಲಿ ಇಳಿದಾಗ ವಿಯೆಟ್ನಾಮಿನವರಾಗಿದ್ದ ತಾವು ಹಡಗು ಹತ್ತುವಾಗ ಅಪ್ಪಟ ಸಿಂಹಳೀಯರಾಗಿದ್ದಿರಿ. ನಮ್ಮಲ್ಲಿ ರೇಷನ್ ಕಾರ್ಡಿನ ವಿಳಾಸ ಬದಲಿಸಲು ಹಿಡಿಯುವ ಕಾಲಕ್ಕೆ ಹೋಲಿಸಿದರೆ ನಿಮ್ಮ ಪೌರತ್ವದ ಕೆಲಸ ಬೇಗನೇ ಆಯಿತು.

ಒಪ್ಪಂದಕ್ಕೆ ಕಾವಲಿಲ್ಲವೆಂದಲ್ಲ. ಹೊರಗಿನ ಸರಕಿಗೆ ಶ್ರೀಲಂಕಾದಲ್ಲಿ ಕನಿಷ್ಠ ಶೇ 35ರಷ್ಟು ಮೌಲ್ಯ ಸೇರಿರಬೇಕು, ಸರಕಿನ ಸ್ವರೂಪವೇ ಬದಲಾಗಿರಬೇಕು ಎಂಬ ನಿಯಮವಿದೆ. ನಿಮಗೆ ಅಲ್ಲಿ ಸೇರಿದ್ದು ಕಡಲ ಗಾಳಿ ಮತ್ತು ಒಂದು ಮೊಹರು. ಈ ದಾರಿ ಕಂಡುಹಿಡಿದವರೇನೂ ನೀವಲ್ಲ, ಬೇಸರಿಸಬೇಡಿ. ನಿಮಗಿಂತ ಮೊದಲೇ ಶ್ರೀಲಂಕಾದಿಂದ ತಾಮ್ರವೂ ವನಸ್ಪತಿಯೂ ಹಡಗುಗಟ್ಟಲೆ ಬಂದಿದ್ದವು. ಅಲ್ಲಿ ತಾಮ್ರದ ಗಣಿಗಾರಿಕೆ ಇಲ್ಲ, ವನಸ್ಪತಿಗೆ ಬೇಕಾದ ತಾಳೆ ಎಣ್ಣೆಯೂ ಹೊರಗಿನದೇ. ಪಾಪ, ಶ್ರೀಲಂಕಾದ ಮಾತಳೆಯ ಕಡೆ ನಿಜಕ್ಕೂ ಒಳ್ಳೆಯ ಮೆಣಸು ಬೆಳೆಯುವ ರೈತರಿದ್ದಾರೆ. ಅವರ ಹೆಸರಿಗೆ ಬಂದ ಸವಲತ್ತನ್ನು ನೀವು ಉಂಡಿರಿ.

2016ರಲ್ಲಿ ಕೆಜಿಗೆ 600 ರೂಪಾಯಿ ದಾಟಿದ್ದ ನಮ್ಮ ಮೆಣಸಿನ ಬೆಲೆ 2018ರ ಹೊತ್ತಿಗೆ 400ರ ಆಸುಪಾಸಿಗೆ ಜಾರಿತು. ಎಲ್ಲ ಪಾಪವನ್ನೂ ನಿಮ್ಮ ತಲೆಗೆ ಕಟ್ಟುವುದಿಲ್ಲ, ಜಗತ್ತಿನಲ್ಲೇ ನಿಮ್ಮ ಸಂತತಿ ಹೆಚ್ಚಿತ್ತು. ಆದರೆ 2017ರಲ್ಲಿ ಗೋಣಿಕೊಪ್ಪಲು ಎಪಿಎಂಸಿಯಲ್ಲಿ ವಿಯೆಟ್ನಾಂ ಮೆಣಸನ್ನು ಕೊಡಗಿನ ಮೆಣಸಿನೊಡನೆ ಬೆರೆಸುತ್ತಿದ್ದಾರೆಂಬ ಆರೋಪ ಎದ್ದು ಬೆಳೆಗಾರರು ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ದೇಶದಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವ ರಾಜ್ಯ ನಮ್ಮದು, ಅದರಲ್ಲಿ ಕೊಡಗೇ ಮುಂದು. ಕಾಫಿ ಬೆಲೆ ಕುಸಿದ ವರ್ಷ ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿದ ಬಳ್ಳಿಯೇ ಸಾಲದ ಕಂತು ಕಟ್ಟಬೇಕು. ಸೊರಗು ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬಹುದು. ಕೊಲಂಬೊದ ಮೊಹರಿಗೆ ಏನು ಹೊಡೆಯುವುದು?

ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಎಂದು ಕರೆದಿದ್ದರು. ನಮ್ಮ ಪಕ್ಕದ ಶ್ರೀರಂಗಪಟ್ಟಣದಲ್ಲಿ ಕೂತು ಟಿಪ್ಪು ಮಸ್ಕತ್ತಿನಲ್ಲಿ ಕೋಠಿ ತೆರೆಸಿ ಮೆಣಸು, ಗಂಧ ಮಾರಿಸಿದ. ಆಗೆಲ್ಲ ಇಲ್ಲಿನ ಕಾಳಿಗಾಗಿ ಪರದೇಶದವರು ಬಾಗಿಲು ಕಾಯುತ್ತಿದ್ದರು. ಇರಲಿ, ಅದು ಅಜ್ಜನ ಕಾಲದ ಜಂಬ.

ದೆಹಲಿಯವರು ಸುಮ್ಮನಿರಲಿಲ್ಲ. 2017ರ ಡಿಸೆಂಬರ್‌ನಲ್ಲಿ ಕೆಜಿಗೆ 500 ರೂಪಾಯಿಗಿಂತ ಅಗ್ಗದ ಮೆಣಸು ಒಳಗೆ ಬರಕೂಡದೆಂದು ಕನಿಷ್ಠ ಆಮದು ಬೆಲೆ ಗೊತ್ತುಮಾಡಿದರು. ಆಗ ನಿಮ್ಮ ಹುಟ್ಟೂರಲ್ಲಿ ನಿಮಗೆ ಅದರ ಅರ್ಧವೂ ಬೆಲೆಯಿರಲಿಲ್ಲ. ಬೆಲೆ ಏರಿಸಿಕೊಳ್ಳಲು ನೀವೇನೂ ಕಷ್ಟಪಡಬೇಕಿರಲಿಲ್ಲ, ಬಿಲ್ಲಿನಲ್ಲಿ 500 ಎಂದು ಬರೆಸಿದರೆ ಆಯಿತು. ಈಗಂತೂ ಇನ್ನೂ ಸೊಗಸು. 2024ರಿಂದ ಈಚೆಗೆ ಅಂತರರಾಷ್ಟ್ರೀಯ ಪೇಟೆಯಲ್ಲಿ ನಿಮ್ಮ ಬೆಲೆಯೇ ಆ ಅಂಕಿಯ ಹತ್ತಿರಕ್ಕೆ ಏರಿದೆ. ನೀವು ಬಾಗದೆ, ಬೆಲೆಯಲ್ಲಿ ಸುಳ್ಳು ಹೇಳದೆ, ಅಂತಸ್ತಿನಿಂದಲೇ ಒಳಗೆ ನಡೆದು ಬರಬಹುದು.

‘ನೆರೆಹೊರೆ ಮೊದಲು’ ಎಂಬ ದೆಹಲಿಯ ನೀತಿಯನ್ನು ನಾನು ಆಡಿಕೊಳ್ಳುತ್ತಿದ್ದೇನೆಂದು ತಿಳಿಯಬೇಡಿ. 2022ರಲ್ಲಿ ಶ್ರೀಲಂಕಾ ದಿವಾಳಿಯಾಗಿ ಜನ ಪೆಟ್ರೋಲಿಗೆ ಸಾಲು ನಿಂತಾಗ ಭಾರತ ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟಿತು. ಕೊಡಬೇಕಾದದ್ದೇ. ಅದು ಬೊಕ್ಕಸದ ಹಣ. ಅದರಲ್ಲಿ ಮುಂಬೈ ಸಾಹುಕಾರನದೂ ಇತ್ತು, ಬೆಂಕಿಪೊಟ್ಟಣ ಕೊಳ್ಳುವ ನನ್ನದೂ ಇತ್ತು. ಸುಂಕ ಬಿಟ್ಟುಕೊಡುವ ಔದಾರ್ಯದ ಲೆಕ್ಕ ಬೇರೆ. ಹಾರ ಬೀಳುವುದು ದೆಹಲಿಯ ಕೊರಳಿಗೆ, ಹೂವಿನ ದುಡ್ಡು ಹೋಗುವುದು ವಿರಾಜಪೇಟೆಯ ತೋಟದವನ ಜೇಬಿನಿಂದ. ದೆಹಲಿಯ ಹೈದರಾಬಾದ್ ಹೌಸಿನ ಔತಣಕ್ಕೆ ಅವನನ್ನು ಯಾರೂ ಕರೆದದ್ದು ಕಾಣೆ.

ಇನ್ನು ನಮ್ಮೂರಿನವರು. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆದಾಡುವ ನಾವೆಲ್ಲ ಭಾರಿ ವಿದೇಶಾಂಗ ತಜ್ಞರು. ಒಂದು ಸುತ್ತಿನಲ್ಲಿ ಮಾಲ್ಡೀವ್ಸಿಗೆ ಬುದ್ಧಿ ಕಲಿಸುತ್ತೇವೆ, ಮುಂದಿನ ಸುತ್ತಿನಲ್ಲಿ ಚೀನಾದ ಸಾಮಾನು ಬಹಿಷ್ಕರಿಸುತ್ತೇವೆ, ಉಸಿರು ಉಳಿದಿದ್ದರೆ ಢಾಕಾಕ್ಕೂ ಎರಡು ಮಾತು. ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಯವರ ಹತ್ತಿರ ಕಾಲು ಕೆಜಿ ಮೆಣಸಿಗೆ ‘ಹತ್ತು ರೂಪಾಯಿ ಬಿಟ್ಟು ಕೊಡಿ ಸ್ವಾಮಿ’ ಎಂದು ಚೌಕಾಸಿಗೆ ನಿಲ್ಲುತ್ತೇವೆ. ಸನ್ಮಾನ್ಯರೇ, ಆ ಹತ್ತು ರೂಪಾಯಿಯೇ ನಿಮ್ಮ ವೀಸಾ. ವಿಯೆಟ್ನಾಮಿನ ರೈತ ನಮ್ಮ ವೈರಿಯಲ್ಲ, ಮಾತಳೆಯವನಂತೂ ಅಲ್ಲವೇ ಅಲ್ಲ. ನಿಮಗೆ ಕೊಡಗಿನ ಅಂಗಿ ತೊಡಿಸಿದ ವ್ಯಾಪಾರಿ ಶುದ್ಧ ಸ್ವದೇಶಿ, ಅಗ್ಗವಾದರೆ ಸಾಕೆಂದು ಕಣ್ಣುಮುಚ್ಚಿದ ಗಿರಾಕಿಯೂ ಸ್ವದೇಶಿಯೇ.

ಆದ್ದರಿಂದ ತಮ್ಮಲ್ಲಿ ನನ್ನ ಅಹವಾಲು ಚಿಕ್ಕದು. ಬರುವುದಾದರೆ ನಿಮ್ಮ ಹೆಸರಿನಲ್ಲೇ ಬನ್ನಿ. ಚೀಲದ ಮೇಲೆ ವಿಯೆಟ್ನಾಂ ಎಂದು ಕನ್ನಡದಲ್ಲೇ ಬರೆಸಿ, ಸುಂಕ ಎಷ್ಟು ಕಟ್ಟಿದಿರಿ ಎಂಬುದನ್ನೂ ಕೆಳಗೆ ಕಾಣಿಸಿ. ಆಮೇಲೆ ಯಾವ ಕಾಳಿನ ಸಾರು ಬೇಕೆಂದು ನಾವು ಆರಿಸಿಕೊಳ್ಳುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಮೈಸೂರಿನ ಒಬ್ಬ ಸಾರುಪ್ರಿಯ

ವಿ.ಸೂ.: ಭೂತಾನಿನ ಹಸಿ ಅಡಿಕೆಯವರ ಪರಿಚಯ ತಮಗಿದ್ದರೆ ನಮಸ್ಕಾರ ತಿಳಿಸಿ. 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರವೇ ಅವರಿಗೆ ವರ್ಷಕ್ಕೆ 17,000 ಟನ್ ಲೆಕ್ಕದಲ್ಲಿ, ಕನಿಷ್ಠ ಬೆಲೆಯ ತಡೆಯಿಲ್ಲದೆ ಬಾಗಿಲು ತೆರೆಯಿತು. ರಾಜಮಾರ್ಗದಲ್ಲಿ, ಸ್ವಂತ ಹೆಸರಿನಲ್ಲಿ ಬರುವವರೆಂದು ನನಗೆ ಅವರ ಮೇಲೆ ಗೌರವ. ದೇವರಾಜ ಮಾರುಕಟ್ಟೆಯಲ್ಲಿ ಮೈಸೂರು ವೀಳ್ಯದೆಲೆ ಕೊಂಡು, ಜೊತೆಗೆ ಅವರನ್ನೂ ಒಮ್ಮೆ ಕಾಣೋಣವೆಂದು ವಿಚಾರಿಸಿದೆ. ಭೂತಾನಿನವರು ಯಾರೂ ಇಲ್ಲವಂತೆ. ಅಲ್ಲಿದ್ದವರೆಲ್ಲ ತೀರ್ಥಹಳ್ಳಿಯವರು.