ಬೆಲೆ ಇಳಿದಿದೆ, ಗತ್ತು ಇಳಿದಿಲ್ಲ

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಸೀಮೆಯ ಒಂದು ಸೆಕೆಂಡ್ ಹ್ಯಾಂಡ್ ಕಾರಿನಂಗಡಿ. ಶಟರ್ ಎಳೆದು ಮಾಲೀಕರು ಮನೆಗೆ ಹೋದ ಮೇಲೆ ಒಳಗೆ ಉಳಿದವರು ಮೂವರು: 2007ರ ಆಸ್ಟನ್ ಮಾರ್ಟಿನ್ ವಿ8 ವ್ಯಾಂಟೇಜ್, 2010ರ ಜಾಗ್ವಾರ್ ಎಕ್ಸ್‌ಕೆಆರ್, 2005ರ ಬೆಂಟ್ಲಿ ಕಾಂಟಿನೆಂಟಲ್ ಜಿಟಿ. ಮೂವರ ಗಾಜಿಗೂ ಅಂಟಿಸಿದ ಚೀಟಿಯಲ್ಲಿ ಇಪ್ಪತ್ತರಿಂದ ಮೂವತ್ತು ಸಾವಿರ ಪೌಂಡ್ ನಡುವಿನ ಬೆಲೆ. ಹೆಚ್ಚುಕಡಿಮೆ ಅಷ್ಟೇ ದುಡ್ಡಿಗೆ ಹೊಚ್ಚ ಹೊಸ ಫೋಕ್ಸ್‌ವ್ಯಾಗನ್ ಗಾಲ್ಫ್ ಬರುತ್ತದೆ. ಆದರೆ ಮಿಲ್ಟನ್ ಕೀನ್ಸ್‌ನಲ್ಲಿ ನೆಲೆಸಿರುವ ಕನ್ನಡಿಗ ಎಂಜಿನಿಯರ್ ಒಬ್ಬರು, "ಅದೆಲ್ಲ ಬೇಡ, ಈ ಮೂರರಲ್ಲಿ ಯಾವುದು ಅಂತ ಮಾತ್ರ ಹೇಳಿ" ಎಂದು ದುಂಬಾಲು ಬಿದ್ದಿದ್ದಾರೆ. ಆದ್ದರಿಂದ ನಮ್ಮ ಪತ್ರಿಕೆ ನೇರವಾಗಿ ಅಭ್ಯರ್ಥಿಗಳನ್ನೇ ಮಾತನಾಡಿಸಲು ಹೊರಟಿತು. ಸಂದರ್ಶನಕ್ಕೆ ಒಪ್ಪಿದ್ದು ಆಸ್ಟನ್ ಒಬ್ಬರೇ. ಉಳಿದಿಬ್ಬರು ಕರೆಯದೆಯೇ ಬಾಯಿ ಹಾಕಿದರು.

ಪತ್ರಿಕೆ: ನಮಸ್ಕಾರ. ಮೊದಲಿಗೆ ತಮ್ಮ ಪರಿಚಯ?

ಆಸ್ಟನ್: ಪರಿಚಯವೆಲ್ಲ 1964ರಲ್ಲೇ ಮುಗಿದುಹೋಯಿತಲ್ಲ! ಆ ವರ್ಷ 'ಗೋಲ್ಡ್‌ಫಿಂಗರ್' ತೆರೆಗೆ ಬಂತು. ಅದರಲ್ಲಿ ಜೇಮ್ಸ್ ಬಾಂಡ್ ಓಡಿಸಿದ ಡಿಬಿ5 ನಮ್ಮ ತಾತ.

ಪತ್ರಿಕೆ: ತಾತನ ಹೆಸರು ಹೇಳಿಕೊಂಡು ಮೊಮ್ಮಗ ಎಷ್ಟು ದಿನ ಬಾಳಬಹುದು?

ಆಸ್ಟನ್: ಸಾಲ ಕೊಡುವವರು ಇರುವಷ್ಟು ದಿನ. 1913ರಲ್ಲಿ ಲಯೊನೆಲ್ ಮಾರ್ಟಿನ್ ಮತ್ತು ರಾಬರ್ಟ್ ಬ್ಯಾಮ್‌ಫೋರ್ಡ್ ಕಟ್ಟಿದ ಮನೆತನ ನಮ್ಮದು. ಈವರೆಗೆ ಏಳು ಸಲ ದಿವಾಳಿ ಎದ್ದಿದ್ದೇವೆ ಎನ್ನುತ್ತಾರೆ. ಪ್ರತಿ ಸಲವೂ ಯಾರೋ ಒಬ್ಬ ಸಿರಿವಂತ ನಮ್ಮ ಬಾನೆಟ್ ನೋಡಿ ಕರಗಿ, ಚೆಕ್ ಬರೆದ. ನಮ್ಮ ಲೆಕ್ಕಪತ್ರ ನೋಡಿ ಬರೆದವರು ಯಾರೂ ಇಲ್ಲ.

ಪತ್ರಿಕೆ: ಹೊಸದರಲ್ಲಿ ತಮ್ಮ ಬೆಲೆ ಎಷ್ಟಿತ್ತು?

ಆಸ್ಟನ್: 80 ಸಾವಿರ ಪೌಂಡ್ ಹತ್ತಿರ. ಅಂತಹ ಪ್ರಶ್ನೆ ಕೇಳುವವರನ್ನು ಆಗ ಶೋರೂಮಿನ ಒಳಗೇ ಬಿಡುತ್ತಿರಲಿಲ್ಲ.

ಬೆಂಟ್ಲಿ: ನನ್ನದು 1 ಲಕ್ಷ 10 ಸಾವಿರ, ತಮ್ಮಾ. ಈಗ ಈ ಸಾಲಿನಲ್ಲಿ ಎಲ್ಲರಿಗಿಂತ ಅಗ್ಗ ನಾನೇ. ಎತ್ತರದಿಂದ ಬಿದ್ದವನಿಗೆ ಪೆಟ್ಟು ಜಾಸ್ತಿ.

ಪತ್ರಿಕೆ: ಹಾಗಾದರೆ ಕೊಳ್ಳುವವರಿಗೆ ಲಾಭವೇ ಅಲ್ಲವೇ?

ಬೆಂಟ್ಲಿ: ನನ್ನ ಬೆಲೆ ಬಿದ್ದದ್ದು ನಿಜ. ಆದರೆ ಆ ಸುದ್ದಿ ನನ್ನ ಬಿಡಿಭಾಗಗಳಿಗೆ ಇನ್ನೂ ತಲುಪಿಲ್ಲ. ನನ್ನ ಮುಂದಿನ ಬ್ರೇಕ್ ಡಿಸ್ಕ್ ನೋಡಿ, 405 ಮಿಲಿಮೀಟರ್ ಅಗಲ. ತಾನು ಲಕ್ಷ ಪೌಂಡ್ ಕಾರಿಗೆ ಸೇರಿದವನೆಂದೇ ಅದು ಇವತ್ತಿಗೂ ನಂಬಿದೆ, ಬಿಲ್ಲನ್ನೂ ಹಾಗೆಯೇ ಬರೆಸುತ್ತದೆ.

ಪತ್ರಿಕೆ: ನಮ್ಮ ಎಂಜಿನಿಯರ್‌ಗೆ ಅಪ್ಪಟ ಬ್ರಿಟಿಷ್ ಕಾರೇ ಬೇಕಂತೆ. ತಾವು ಅಪ್ಪಟ ತಾನೆ?

ಆಸ್ಟನ್: ಸಂದೇಹವೇ? ವಾರಿಕ್‌ಷೈರ್‌ನ ಗೇಡನ್‌ನಲ್ಲಿ ಹುಟ್ಟಿದವನು ನಾನು.

ಜಾಗ್ವಾರ್: ಎಂಜಿನ್ ಜೋಡಿಸಿದ್ದು ಎಲ್ಲಿ ಅಂತಲೂ ಹೇಳಿಬಿಡಿ ಸ್ವಾಮಿ.

ಆಸ್ಟನ್: ಜರ್ಮನಿಯ ಕಲೋನ್‌ನಲ್ಲಿ. ಅದೊಂದು ಸಣ್ಣ ವಿಷಯ.

ಜಾಗ್ವಾರ್: ಆ ವಿ8 ಎಂಜಿನ್ನಿನ ಮೂಲ?

ಆಸ್ಟನ್: (ದನಿ ತಗ್ಗಿಸಿ) ನಿಮ್ಮ ಮನೆಯದೇ. ಆದರೆ ನಾವು ಅದನ್ನು ತುಂಬಾ ತಿದ್ದಿದ್ದೇವೆ. 4.3 ಲೀಟರ್, 380 ಅಶ್ವಶಕ್ತಿ.

ಜಾಗ್ವಾರ್: ಗೇರ್‌ಬಾಕ್ಸ್ ಇಟಲಿಯ ಗ್ರಾತ್ಸಿಯಾನೋ ಕಂಪನಿಯದು. ಡ್ಯಾಶ್‌ಬೋರ್ಡಿನಿಂದ ಮೇಲೇಳುವ ದಾರಿ ತೋರಿಸುವ ಪರದೆ ವೋಲ್ವೊ ಕಾರುಗಳದು. ಇವರು ಹುಟ್ಟಿದ 2007ರಲ್ಲೇ ಫೋರ್ಡ್ ಇವರನ್ನು ಮಾರಿತು, ಕೊಂಡ ಕೂಟದಲ್ಲಿ ದೊಡ್ಡ ದುಡ್ಡು ಕುವೈತಿನದು. ಅಪ್ಪಟ ಬ್ರಿಟಿಷ್!

ಪತ್ರಿಕೆ: ಬೆಂಟ್ಲಿಯವರೇ, ನೀವು ನಗುತ್ತಿದ್ದೀರಿ.

ಬೆಂಟ್ಲಿ: ನಗದೆ ಏನು ಮಾಡಲಿ? ನಮ್ಮ ಮೂಲಪುರುಷ ಡಬ್ಲ್ಯೂ.ಓ. ಬೆಂಟ್ಲಿ ಕಂಪನಿ ಶುರು ಮಾಡಿದ್ದು 1919ರಲ್ಲಿ. ಲೆ ಮಾನ್ ಓಟವನ್ನು 1927ರಿಂದ 1930ರವರೆಗೆ ನಾಲ್ಕು ವರ್ಷ ಬಿಡದೆ ಗೆದ್ದೆವು. 1998ರಿಂದ ನಾವು ಫೋಕ್ಸ್‌ವ್ಯಾಗನ್ ಮನೆಯವರು. ನನ್ನ ಲೋಹದ ಒಡಲು ಬಂದದ್ದು ಜರ್ಮನಿಯ ಜ್ವಿಕಾವ್‌ನಿಂದ. ಅಡಿಪಾಯ ಫೋಕ್ಸ್‌ವ್ಯಾಗನ್ ಫೀಟನ್‌ಗೂ ನನಗೂ ಒಂದೇ. ಕ್ರೂ ಪಟ್ಟಣದಲ್ಲಿ ಇಂಗ್ಲಿಷರು ನನಗೆ ಚರ್ಮ ಹೊದಿಸಿ, ಮರ ಕೂರಿಸಿ, ಇಂಗ್ಲಿಷ್ ಉಚ್ಚಾರಣೆ ಕಲಿಸಿ ಕಳಿಸಿದರು.

ಪತ್ರಿಕೆ: ಜಾಗ್ವಾರ್ ಅವರೇ, ಇಷ್ಟೆಲ್ಲ ಕೆದಕಿದ ನೀವು?

ಜಾಗ್ವಾರ್: ನನ್ನದು ತೆರೆದ ಪುಸ್ತಕ ಸ್ವಾಮಿ. ಎರಡನೇ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್ ವಿಮಾನ ಕಟ್ಟಿದ ಕ್ಯಾಸಲ್ ಬ್ರಾಮ್‌ವಿಚ್ ಕಾರ್ಖಾನೆಯಲ್ಲಿ ಹುಟ್ಟಿದೆ. ಅಷ್ಟು ಹೊತ್ತಿಗೆ ಮನೆ ಟಾಟಾ ಅವರದಾಗಿತ್ತು. 2008ರಲ್ಲಿ ಫೋರ್ಡ್‌ನಿಂದ ನಮ್ಮನ್ನೂ ಲ್ಯಾಂಡ್ ರೋವರನ್ನೂ ಸೇರಿಸಿ 230 ಕೋಟಿ ಡಾಲರಿಗೆ ಕೊಂಡರು. ನಾನು ಟಾಟಾ ಉಪ್ಪು ತಿಂದವನು.

ಪತ್ರಿಕೆ: ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ?

ಜಾಗ್ವಾರ್: ಕುಡಿಯುತ್ತೇನಲ್ಲ! ನನ್ನ 5 ಲೀಟರ್ ಎಂಜಿನ್ನಿನ ದೊಡ್ಡ ಕಾಯಿಲೆಯೇ ಅದು. 500ಕ್ಕೂ ಮಿಕ್ಕ ಅಶ್ವಶಕ್ತಿ ಕೊಟ್ಟರು, ಕೂಲೆಂಟ್ ಹರಿಯುವ ಕೊಳವೆಗಳನ್ನು ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಮಾಡಿದರು. ಬಿಸಿಯುಂಡು ಬಿಸಿಯುಂಡು ಅವು ಪೆಡಸಾಗಿ ಬಿರುಕು ಬಿಡುತ್ತವೆ. ಒಂದು ಕೊಳವೆ ಸೂಪರ್‌ಚಾರ್ಜರಿನ ಅಡಿಯಲ್ಲೇ ಅಡಗಿದೆ. ಹತ್ತಿಪ್ಪತ್ತು ಪೌಂಡಿನ ಸಾಮಾನು ಬದಲಿಸಲು ಎಂಜಿನ್ನಿನ ತಲೆಮೇಲಿನದನ್ನೆಲ್ಲ ಇಳಿಸಬೇಕು. ಆ ಕಾಲದ ನಮ್ಮವರ ಟೈಮಿಂಗ್ ಚೈನೂ ಕೆಲವೊಮ್ಮೆ ಸಡಿಲಾಗುತ್ತದೆ. ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕಿವಿಗೊಟ್ಟರೆ ಟಕಟಕ ಕೇಳಿಸುತ್ತದೆ. ಅದಕ್ಕೇ, ಗಿರಾಕಿ ಬರುವ ಮೊದಲೇ ನನ್ನನ್ನು ಬಿಸಿ ಮಾಡಿಟ್ಟಿದ್ದರೆ ಆ ಅಂಗಡಿಗೆ ಕೈಮುಗಿದು ಹೊರಡಿ.

ಪತ್ರಿಕೆ: ಆಸ್ಟನ್ ಅವರೇ, ತಮ್ಮ ಆರೋಗ್ಯ?

ಆಸ್ಟನ್: ಸಭ್ಯರು ಕೇಳುವ ಪ್ರಶ್ನೆಯಲ್ಲ.

ಜಾಗ್ವಾರ್: ಕ್ಲಚ್ಚು ಸ್ವಾಮಿ, ಕ್ಲಚ್ಚು.

ಆಸ್ಟನ್: ಸರಿ, ಹೇಳುತ್ತೇನೆ. ತೂಕ ಎರಡೂ ಕಡೆ ಸಮನಾಗಿರಲಿ ಎಂದು ನನ್ನ ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ ಇಟ್ಟರು. ನಡುವೆ ಉದ್ದನೆಯ ಒಂದು ಅಲ್ಯುಮಿನಿಯಂ ಕೊಳವೆ. ತಿರುವಿನಲ್ಲಿ ನಾನು ಹೋಗುವ ಚೆಂದಕ್ಕೆ ಅದೇ ಕಾರಣ. ಕ್ಲಚ್ ಸವೆದಾಗ ಅದನ್ನು ಮುಟ್ಟಬೇಕಾದರೆ ಸೈಲೆನ್ಸರ್ ಬಿಚ್ಚಿ, ಗೇರ್‌ಬಾಕ್ಸ್ ಇಳಿಸಿ, ಆ ಕೊಳವೆಯನ್ನೂ ಎಳೆಯಬೇಕು. ಸಾವಿರಾರು ಪೌಂಡಿನ ಮಾತು. ಕ್ಲಚ್ ಎಷ್ಟು ದಿನ ಬಾಳುತ್ತದೆ ಎನ್ನುವುದು ನನ್ನ ಕೈಯಲ್ಲಿಲ್ಲ, ಯಜಮಾನನ ಎಡಗಾಲಿನಲ್ಲಿದೆ. ಲಂಡನ್ನಿನ ಟ್ರಾಫಿಕ್ಕಿನಲ್ಲಿ ಅರ್ಧ ಕ್ಲಚ್ ಒತ್ತಿಕೊಂಡೇ ಬದುಕಿದವರ ಕಾರನ್ನು ಕೊಳ್ಳಬೇಡಿ.

ಪತ್ರಿಕೆ: ಬೆಂಟ್ಲಿಯವರೇ, ನಿಮಗೆ?

ಬೆಂಟ್ಲಿ: ಜರ್ಮನ್ನರು ಕಟ್ಟಿದ್ದು, ಆದ್ದರಿಂದ ಸುಲಭಕ್ಕೆ ಕೆಡುವುದಿಲ್ಲ. ಕೆಟ್ಟರೆ ಸುಲಭಕ್ಕೆ ಸರಿಹೋಗುವುದೂ ಇಲ್ಲ. 6 ಲೀಟರ್, 12 ಸಿಲಿಂಡರ್, ಎರಡು ಟರ್ಬೊ, 552 ಅಶ್ವಶಕ್ತಿ. ಇಷ್ಟನ್ನೂ ಬಾನೆಟ್ ಕೆಳಗೆ ಇಕ್ಕಟ್ಟಾಗಿ ತುರುಕಿದ್ದಾರೆ. ಬೆರಳು ಹೋಗಲು ಜಾಗವಿಲ್ಲದೆ ಎಷ್ಟೋ ರಿಪೇರಿಗೆ ಎಂಜಿನ್ನನ್ನೇ ಕೆಳಗಿಳಿಸುತ್ತಾರೆ. ಮೇಲೆ ಏರ್ ಸಸ್ಪೆನ್ಷನ್. ಗಾಳಿ ಸೋರಿದರೆ ಬೆಳಗ್ಗೆ ಎದ್ದಾಗ ಒಂದು ಮಗ್ಗುಲಿಗೆ ಕುಸಿದಿರುತ್ತೇನೆ. ಡಿಕ್ಕಿಯಲ್ಲಿ ಎರಡು ಬ್ಯಾಟರಿ, ಒಂದು ಸ್ಟಾರ್ಟ್ ಮಾಡಲು, ಇನ್ನೊಂದು ಉಳಿದ ವೈಭವಕ್ಕೆ.

ಪತ್ರಿಕೆ: ರಸ್ತೆ ತೆರಿಗೆಯೂ ನಿಮಗೇ ಜಾಸ್ತಿಯಿರಬೇಕು.

ಬೆಂಟ್ಲಿ: ಇಲ್ಲಿ ಮಾತ್ರ ನಾನು ಗೆದ್ದೆ! ಬ್ರಿಟನ್ನಿನಲ್ಲಿ ನಮ್ಮ ಕಾಲದ ಕಾರುಗಳಿಗೆ ಹೊಗೆಯ ಲೆಕ್ಕದ ಮೇಲೆ ತೆರಿಗೆ. ಆದರೆ 2006ರ ಮಾರ್ಚ್ 23ಕ್ಕೆ ಮೊದಲು ನೋಂದಣಿಯಾದ ಕಾರುಗಳು ಎಷ್ಟೇ ಹೊಗೆಯುಗುಳಿದರೂ ಮೇಲಿನ ಎರಡು ಹಂತಕ್ಕೆ ಏರುವುದಿಲ್ಲ. ಹಾಗಾಗಿ ವರ್ಷಕ್ಕೆ ನನಗೆ 400 ಪೌಂಡ್ ಚಿಲ್ಲರೆ. ನನಗಿಂತ ಕಡಿಮೆ ಪೆಟ್ರೋಲ್ ಕುಡಿಯುವ ಈ ಇಬ್ಬರಿಗೆ 700 ದಾಟುತ್ತದೆ. ತಡವಾಗಿ ಹುಟ್ಟಿದ್ದಕ್ಕೆ ದಂಡ.

ಪತ್ರಿಕೆ: ಹೆಂಡತಿ ಮಕ್ಕಳಿರುವ ಮನೆಗೆ ಯಾರು ಸೂಕ್ತ?

ಆಸ್ಟನ್: ನನ್ನಲ್ಲಿ ಎರಡೇ ಸೀಟು. ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟ ಮೇಲೆ ಬನ್ನಿ.

ಜಾಗ್ವಾರ್: ನನ್ನ ಹಿಂದೆ ಎರಡು ಸೀಟಿವೆ. ಇನ್ಶೂರೆನ್ಸ್ ಕಾಗದದಲ್ಲಿ ಬರೆಯಲು ಅನುಕೂಲ, ಕೂರಲು ಅಲ್ಲ.

ಬೆಂಟ್ಲಿ: ನನ್ನಲ್ಲಿ ನಾಲ್ವರು ಕೂರಬಹುದು. ಸ್ಕಾಟ್‌ಲೆಂಡ್‌ವರೆಗೆ ಮಳೆ ಸುರಿದರೂ ನಾಲ್ಕೂ ಚಕ್ರಕ್ಕೆ ಶಕ್ತಿ ಹರಿಸಿ, ಕಪ್ಪಿನೊಳಗಿನ ಚಹಾ ತುಳುಕದ ಹಾಗೆ ಕರೆದೊಯ್ಯುತ್ತೇನೆ. ನನ್ನ ತೂಕ 2,300 ಕಿಲೋ ಮೀರಿದೆ, ಅದನ್ನು ಮಾತ್ರ ನನ್ನ ಟೈರುಗಳು ಮರೆಯುವುದಿಲ್ಲ.

ಪತ್ರಿಕೆ: ಆಸ್ಟನ್ ಅವರೇ, ತಮ್ಮ ಮೀಟರ್ ಬರೀ 22 ಸಾವಿರ ಮೈಲಿ ತೋರಿಸುತ್ತಿದೆ. ಇದು ದೊಡ್ಡ ಅರ್ಹತೆಯಲ್ಲವೇ?

(ಆಸ್ಟನ್ ಮಾತಾಡಲಿಲ್ಲ. "ಟಾರ್ಚ್ ತಂದಿದ್ದೀರಾ? ಬಗ್ಗಿ ನೋಡಿ" ಎಂದರು ಜಾಗ್ವಾರ್. ಬಗ್ಗಿದೆವು. ಟೈರಿನ ತೋಡುಗಳು ಇನ್ನೂ ಆಳವಾಗಿದ್ದವು, ರಬ್ಬರು ಕಪ್ಪಗೆ ಮಿರುಗುತ್ತಿತ್ತು. ಪಕ್ಕದ ಗೋಡೆಯಲ್ಲಿ, ರಿಮ್ಮಿಗೆ ಹತ್ತಿರ, ಅಂಡಾಕಾರದ ಪುಟ್ಟ ಗೆರೆಯೊಳಗೆ ನಾಲ್ಕು ಅಂಕಿ: 1014. ಅಂದರೆ 2014ರ ಹತ್ತನೆಯ ವಾರದಲ್ಲಿ ತಯಾರಾದ ಟೈರು. ಬೆರಳಿನಿಂದ ಒತ್ತಿದಾಗ ಗೆರೆಯ ಸುತ್ತ ಕೂದಲೆಳೆಯಷ್ಟು ಸಣ್ಣ ಸೀಳುಗಳು ಬಾಯಿ ಬಿಟ್ಟವು. ಮೇಲಿನ ಮಿರುಗು ಅಂಗಡಿಯವರು ಬಳಿದ ಪಾಲಿಷ್.)

ಆಸ್ಟನ್: ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಈ ದೇಶದಲ್ಲಿ ವರ್ಷಕ್ಕೊಮ್ಮೆ ಎಂ.ಒ.ಟಿ. ಪರೀಕ್ಷೆಯಿದೆ. ನಂಬರ್ ಪ್ಲೇಟ್ ಗೊತ್ತಿದ್ದರೆ ಯಾರು ಬೇಕಾದರೂ ಸರ್ಕಾರದ ದಾಖಲೆಯಲ್ಲಿ ಅದರ ಇತಿಹಾಸ ಓದಬಹುದು. ನನ್ನದನ್ನು ಓದಿ. ಒಂದು ಪರೀಕ್ಷೆಗೂ ಮುಂದಿನದಕ್ಕೂ ನಡುವೆ ನಾನು ಓಡಿದ್ದು 212 ಮೈಲಿ. ಯಜಮಾನರಿಗೆ ನನ್ನ ಮೇಲೆ ಎಷ್ಟು ಪ್ರೀತಿಯೆಂದರೆ, ಬಟ್ಟೆ ಹೊದಿಸಿ ಗ್ಯಾರೇಜಿನಲ್ಲಿ ಕೂರಿಸಿದರು. ಬ್ಯಾಟರಿ ಸತ್ತಿತು, ರಬ್ಬರ್ ಸೀಲುಗಳು ಒಣಗಿದವು, ಎಣ್ಣೆ ಜಿನುಗತೊಡಗಿತು.

ಪತ್ರಿಕೆ: ಮೈಲಿ ಕಡಿಮೆಯಾದಷ್ಟೂ ಒಳ್ಳೆಯದು ಎನ್ನುವುದು ನಮ್ಮ ಎಂಜಿನಿಯರ್ ಲೆಕ್ಕ.

ಆಸ್ಟನ್: ಲಂಡನ್ನಿನಲ್ಲಿ ಬ್ರಿಟಿಷ್ ಗೂಢಚಾರರ ಕಚೇರಿ ಇರುವುದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ರಸ್ತೆಯಲ್ಲಿ. ಬಾಂಡ್ ಸಾಹೇಬರ ನೆಪದಲ್ಲಿ ಆ ಕಡೆ ಒಮ್ಮೆ ಹೋಗಿದ್ದೆ. ಅದೇ ಥೇಮ್ಸ್ ದಂಡೆಯ ಮೇಲೆ 2015ರಿಂದ ನಿಮ್ಮ ಬಸವಣ್ಣನವರ ಪ್ರತಿಮೆಯಿದೆ. ಗ್ಯಾರೇಜಿನಲ್ಲಿ ಕೂತ ನಾನು ಸ್ಥಾವರ, ವಾರಕ್ಕೊಮ್ಮೆ ಓಡುವ ನಾನು ಜಂಗಮ. ಎರಡರಲ್ಲಿ ಯಾವುದು ಉಳಿಯುತ್ತದೆ ಎನ್ನುವುದನ್ನು ನಿಮ್ಮ ಎಂಜಿನಿಯರ್‌ಗೆ ಒಬ್ಬ ಇಂಗ್ಲಿಷ್ ಕಾರು ಹೇಳಿಕೊಡಬೇಕೇ?

ಪತ್ರಿಕೆ: ಅವರು ಮುಂದೆ ಊರಿಗೆ ಮರಳುವಾಗ ನಿಮ್ಮನ್ನು ಬೆಂಗಳೂರಿಗೆ ಒಯ್ಯುವ ಆಸೆಯಿಟ್ಟುಕೊಂಡಿದ್ದಾರೆ.

ಜಾಗ್ವಾರ್: ಮೂರು ವರ್ಷಕ್ಕಿಂತ ಹಳೆಯದಾದ ನಮ್ಮಂಥವರನ್ನು ಭಾರತದ ಆಮದು ನಿಯಮ ಒಳಗೆ ಬಿಡುವುದಿಲ್ಲ ಸ್ವಾಮಿ. ಟಾಟಾ ಅವರ ನೆಂಟಸ್ತಿಕೆಯೂ ಕೆಲಸಕ್ಕೆ ಬಾರದು.

ಆಸ್ಟನ್: ಬೆಂಗಳೂರಿನ ರಸ್ತೆ ಉಬ್ಬುಗಳ ಬಗ್ಗೆ ಕೇಳಿದ್ದೇನೆ. ಆ ನಿಯಮ ಬರೆದ ಅಧಿಕಾರಿಗೆ ನನ್ನ ನಮಸ್ಕಾರ ತಿಳಿಸಿ.

ಪತ್ರಿಕೆ: ಸುತ್ತಿ ಬಳಸುವುದು ಬೇಡ. ಮೂವರಲ್ಲಿ ಯಾರನ್ನು ಕೊಳ್ಳಬೇಕು?

ಆಸ್ಟನ್: ಅದಕ್ಕೆ ಮೊದಲು ನಾನು ಕೇಳುತ್ತೇನೆ, ನೀವು ಉತ್ತರಿಸಿ. ಅವರಿಗೆ ಸೂರಿರುವ ಗ್ಯಾರೇಜ್ ಇದೆಯೇ?

ಪತ್ರಿಕೆ: ಇದೆ. ಸದ್ಯ ಅದರಲ್ಲಿ ಅಕ್ಕಿ ಮೂಟೆ, ಸೂಟ್‌ಕೇಸುಗಳಿವೆ.

ಆಸ್ಟನ್: ಒಟ್ಟು ಬಜೆಟ್?

ಪತ್ರಿಕೆ: ಮೂವತ್ತು ಸಾವಿರ ಪೌಂಡ್.

ಆಸ್ಟನ್: ನೋಡುತ್ತಿರುವ ಕಾರಿನ ಬೆಲೆ?

ಪತ್ರಿಕೆ: ಮೂವತ್ತು ಸಾವಿರ.

ಆಸ್ಟನ್: ಅಲ್ಲಿಗೆ ಮುಗಿಯಿತು. ಮೂವತ್ತಿದ್ದರೆ ಇಪ್ಪತ್ತನಾಲ್ಕರ ಕಾರು ನೋಡಬೇಕು, ಆರನ್ನು ಮುಟ್ಟದೆ ಇಡಬೇಕು. ನನ್ನನ್ನು ಮಾತ್ರ ಚೆನ್ನಾಗಿ ಬಲ್ಲ ಮೆಕ್ಯಾನಿಕ್ ಯಾರಾದರೂ ಗೊತ್ತೇ?

ಪತ್ರಿಕೆ: ಇಲ್ಲ. ಯೂಟ್ಯೂಬ್ ನೋಡಿ ತಾವೇ ಮಾಡಿಕೊಳ್ಳುತ್ತಾರಂತೆ.

ಬೆಂಟ್ಲಿ: (ಒಂದು ಮಗ್ಗುಲಿಗೆ ಮೆಲ್ಲಗೆ ಕುಸಿಯುತ್ತಾ) ಶಿವನೇ.

ಜಾಗ್ವಾರ್: ಸ್ವಾಮಿ, ನೇರ ಹೇಳುತ್ತೇನೆ. ದಿನಾ ಓಡಿಸುವವರಾದರೆ ನಾನು. ಮೂವರಲ್ಲಿ ನನ್ನ ಸಾಮಾನು ಅಗ್ಗ, ನನ್ನನ್ನು ಬಿಚ್ಚಿ ಜೋಡಿಸಬಲ್ಲವರು ಊರೂರಲ್ಲಿದ್ದಾರೆ. ಸಂಸಾರ ಕಟ್ಟಿಕೊಂಡು ದೂರ ಹೋಗುವವರಾದರೆ ಬೆಂಟ್ಲಿ, ಜೇಬು ಅವನಷ್ಟೇ ದಪ್ಪವಿದ್ದರೆ. ಪಾರ್ಕ್ ಮಾಡಿ ಹೋಗುವಾಗ ಮೂರು ಸಲ ತಿರುಗಿ ನೋಡುವ ಚಪಲವಿದ್ದರೆ ಆಸ್ಟನ್. ಆ ಸುಖಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಒಪ್ಪಿಕೊಳ್ಳುತ್ತೇನೆ. ಬೆಲೆಯಲ್ಲೂ ನಮ್ಮಿಬ್ಬರಿಗಿಂತ ಅವನೇ ಗಟ್ಟಿಯಾಗಿ ನಿಂತಿದ್ದಾನೆ.

ಬೆಂಟ್ಲಿ: ಆದರೆ ಚೆನ್ನಾಗಿ ನೋಡಿಕೊಂಡ ನಾನು, ಕೆಟ್ಟದಾಗಿ ನೋಡಿಕೊಂಡ ಜಾಗ್ವಾರಿಗಿಂತ ಅಗ್ಗಕ್ಕೆ ಬೀಳುತ್ತೇನೆ. ಮುಂದಿನ ಲಾಂಛನ ನೋಡಿ ಕೊಳ್ಳುವವರೇ ಈ ಅಂಗಡಿಯವನ ಅನ್ನದಾತರು. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿರುವ ಫೈಲ್ ನೋಡಿ ಕೊಳ್ಳುವವರು ಬಂದರೆ ಇವನಿಗೆ ಬೆವರು.

ಪತ್ರಿಕೆ: ಕೊನೆಯದಾಗಿ ಓದುಗರಿಗೆ ತಮ್ಮ ಸಂದೇಶ?

ಆಸ್ಟನ್: ಈ ಕಾರನ್ನು ಯಾಕೆ ಮಾರುತ್ತಿದ್ದೀರಿ ಎಂದು ಯಾರನ್ನೂ ಕೇಳಬೇಡಿ. ಮಗು ಹುಟ್ಟಿತು, ಮನೆ ಕಟ್ಟಿಸುತ್ತಿದ್ದೇವೆ, ಬೆನ್ನುನೋವು, ಇಷ್ಟರಲ್ಲಿ ಒಂದನ್ನು ಹೇಳುತ್ತಾರೆ. ಕ್ಲಚ್ ಬದಲಿಸಿದ ಬಿಲ್ ತೋರಿಸಿ ಎಂದು ಮಾತ್ರ ಕೇಳಿ.

ಪತ್ರಿಕೆ: ಬಿಲ್ ಇಲ್ಲ ಎಂದರೆ?

ಆಸ್ಟನ್: ಗಾಬರಿಯಾಗಬೇಡಿ, ಬಂದೇ ಬರುತ್ತದೆ. ನಿಮ್ಮ ಹೆಸರಿಗೆ.