ಉತ್ತರ ಕಾಣೆಯಾಗಿರುವ ಬಗ್ಗೆ

ಇವರಿಗೆ,
ಕಳೆದ ಆಷಾಢದಲ್ಲಿ ನಮ್ಮ ಶಾಲೆಗೆ ಇಪ್ಪತ್ತೆರಡು ನಿಮಿಷ ಭೇಟಿಯಿತ್ತ ಮಾನ್ಯ ಅಧಿಕಾರಿಗಳು.
(ಹೆಸರು ಬರೆಯುವುದಿಲ್ಲ. ತಮಗೆ ಗೊತ್ತು, ನನಗೂ ಗೊತ್ತು; ಉಳಿದವರಿಗೆ ಗೊತ್ತಾಗಿ ಆಗಬೇಕಾದ್ದೇನಿಲ್ಲ.)

ವಿಷಯ: ಉತ್ತರ ದಿಕ್ಕು ಕಾಣೆಯಾಗಿರುವ ಬಗ್ಗೆ ವಿವರಣೆ ಸಲ್ಲಿಸುತ್ತಿರುವುದು.
ಉಲ್ಲೇಖ: ಸಂದರ್ಶನ ಪುಸ್ತಕದಲ್ಲಿ ತಾವು ಬರೆದ ಷರಾ.

ಮಾನ್ಯರೇ,

‘ಮಕ್ಕಳಿಗೆ ದಿಕ್ಕುಗಳ ಪರಿಚಯವಿಲ್ಲ, ನಕಾಶೆ ಓದಲು ಬಾರದು, ಶಿಕ್ಷಕರು ಗಮನ ಹರಿಸುವುದು.’ ಷರಾ ಒಂದೂವರೆ ಸಾಲು, ಸಹಿ ಕಾಲು ಪುಟ. ಗಮನ ಹರಿಸಿದ್ದೇನೆ. ಎಷ್ಟು ಹರಿಸಿದ್ದೇನೆಂದರೆ ಅದು ಶಹಾಪುರ ತಾಲ್ಲೂಕು ದಾಟಿ ಸುರಪುರದ ಕಡೆ ಹರಿದು ಕೃಷ್ಣೆಗೆ ಸೇರಿದೆ. ಆದ್ದರಿಂದ ಈ ವಿವರಣೆ ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಬೇಕು.

ನಡೆದದ್ದನ್ನು ಮೊದಲು ದಾಖಲಿಸುತ್ತೇನೆ. ತಾವು ನಾಲ್ಕನೇ ತರಗತಿಯ ಒಬ್ಬ ಹುಡುಗಿಯನ್ನು ಎಬ್ಬಿಸಿ ಗೋಡೆಯ ಮೇಲಿನ ಕರ್ನಾಟಕದ ನಕಾಶೆ ತೋರಿಸಿ, “ಉತ್ತರ ಎಲ್ಲಿದೆ ಹೇಳಮ್ಮ” ಎಂದಿರಿ. ಅವಳು ತಲೆ ಎತ್ತಿ ಫ್ಯಾನಿನ ಕಡೆ ಬೆರಳು ಮಾಡಿದಳು. ಹಿಂದಿನ ಸಾಲಿನ ಹುಡುಗನೊಬ್ಬ ಮೆಲ್ಲಗೆ, “ಉತ್ತರ ಗೈಡಿನಾಗ ಅದ ರೀ” ಎಂದ. ತಾವು ನಕ್ಕಿರಿ. ಸಂಗಡ ಬಂದವರು, ತಾವು ನಗುತ್ತಿರುವುದನ್ನು ಖಾತ್ರಿ ಮಾಡಿಕೊಂಡು ನಕ್ಕರು.

ಹುಡುಗನ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ಕನ್ನಡದಲ್ಲಿ ದಿಕ್ಕಿಗೂ ಜವಾಬಿಗೂ ಒಂದೇ ಮಾತು ಇಟ್ಟವರು ಅವನನ್ನು ಕೇಳಿ ಇಟ್ಟಿಲ್ಲ. ಶಾಲೆ ಸೇರಿದಾಗಿನಿಂದ ಉತ್ತರ ಎಂಬುದು ಗೈಡಿನಲ್ಲೇ ಸಿಗುವುದನ್ನು ಅವನು ಕಂಡಿದ್ದಾನೆ.

ಹುಡುಗಿಯದು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಆ ಕೋಣೆಗೆ ಮೂಡಣಕ್ಕೆ ಬಾಗಿಲು, ಪಡುವಣಕ್ಕೆ ಎರಡು ಕಿಟಕಿ, ಉತ್ತರದ ಗೋಡೆಯ ತುಂಬ ಕರಿಹಲಗೆ. ಮೊಳೆ ಹೊಡೆಯಲು ಉಳಿದದ್ದು ಮಕ್ಕಳ ಬೆನ್ನ ಹಿಂದಿನ ದಕ್ಷಿಣದ ಗೋಡೆ ಒಂದೇ. ದಕ್ಷಿಣಕ್ಕೆ ಮುಖ ಮಾಡಿ ನಿಂತವರಿಗೆ ಎಡಗೈ ಮೂಡಣವಾಗುತ್ತದೆ. ನಕಾಶೆಯಲ್ಲಿ ಎಡಕ್ಕಿರುವುದು ಅರಬ್ಬೀ ಸಮುದ್ರ. ಅಂದರೆ ನಮ್ಮ ನಾಲ್ಕನೇ ತರಗತಿಯಲ್ಲಿ ಸೂರ್ಯ ದಿನಾಲೂ ಕಾರವಾರದಲ್ಲಿ ಹುಟ್ಟಿ ಕೋಲಾರದ ಕಡೆ ಮುಳುಗುತ್ತಾನೆ. ಇಂಥ ಕೋಣೆಯಲ್ಲಿ ನಿಂತ ಮಗುವಿಗೆ ಎರಡೇ ದಾರಿ: ಒಂದೋ ಸೂರ್ಯನನ್ನು ನಂಬಬೇಕು, ಇಲ್ಲವೇ ನಕಾಶೆಯನ್ನು. ತಾವು ನಕಾಶೆ ತೋರಿಸಿ ಕೇಳಿದಿರಿ, ಅವಳು ನಕಾಶೆಯನ್ನೇ ನಂಬಿದಳು. ನಕಾಶೆಯ ಉತ್ತರ ಮೇಲಕ್ಕಿದೆ. ಮೇಲಕ್ಕೆ ಫ್ಯಾನಿದೆ. ನಿಜವಾದ ಉತ್ತರ ಅವಳ ಬೆನ್ನ ಹಿಂದೆ, ಕರಿಹಲಗೆಯ ಮೇಲೆ ಇತ್ತು. ಆದರೆ ಅಧಿಕಾರಿಗಳಿಗೆ ಬೆನ್ನು ಮಾಡಬಾರದೆಂದು ನಾವೇ ಕಲಿಸಿದ್ದೇವೆ.

ತಾವು ಹೋದ ಮರುದಿನ ನಕಾಶೆಯನ್ನು ಮೊಳೆಯಿಂದ ಇಳಿಸಿದೆವು. ಹೊರಗೆ ಬೇವಿನ ಗಿಡದ ಕೆಳಗೆ ಹಾಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು, ಬೀದರ ಬೀದರಿನ ಕಡೆಗೆ, ಕಾರವಾರ ಕಾರವಾರದ ಕಡೆಗೆ ಬರುವ ತನಕ ತಿರುಗಿಸಿದೆವು. ಕೆಲಸ ಎರಡು ನಿಮಿಷದ್ದು, ಖರ್ಚು ಇಲ್ಲ. ಹಾಗಾಗಿ ಇದನ್ನು ಯಾವ ಯೋಜನೆಯಡಿ ತೋರಿಸಬೇಕೋ ತಿಳಿಯದೆ ವರದಿಯಲ್ಲಿ ಬಿಟ್ಟಿದ್ದೇನೆ. ಅದೇ ಹುಡುಗಿ ನಕಾಶೆಯ ಅಂಚಿನಲ್ಲಿ ಕೂತು, ಒಂದು ಸಲ ಹಾಳೆ, ಒಂದು ಸಲ ಆಕಾಶ ನೋಡಿ, “ಈಗ ಸುದ್ದ ಆತ್ರಿ ಸರ್ರ” ಎಂದಳು.

ಸುದ್ದ ಆಯಿತು, ಆದರೆ ನಾವೆಲ್ಲಿದ್ದೇವೆ ಎಂದು ಬೆರಳಿಡಲು ಹೋದರೆ ಯಾದಗಿರಿ ಜಿಲ್ಲೆಯೇ ಇಲ್ಲ! ಜಿಲ್ಲೆ ಹುಟ್ಟಿದ್ದು 2009ರ ಡಿಸೆಂಬರ್ 30ರಂದು. ನಮ್ಮ ನಕಾಶೆ ವಯಸ್ಸಿನಲ್ಲಿ ಅದಕ್ಕಿಂತ ಹಿರಿಯದು. ಅದರ ಪ್ರಕಾರ ನಾವಿನ್ನೂ ಗುಲಬರ್ಗಾದವರು, ಆ ಗುಲಬರ್ಗಾವೂ 2014ರಲ್ಲಿ ಕಲಬುರಗಿ ಆದದ್ದು ಅದಕ್ಕೆ ತಿಳಿದಿಲ್ಲ. ಹೊಸ ನಕಾಶೆಗೆ ಅರ್ಜಿ ಹಾಕಬಹುದಿತ್ತು. ಹಾಕಲಿಲ್ಲ. ತಪ್ಪು ನಕಾಶೆಯಷ್ಟು ಒಳ್ಳೆಯ ಪಾಠೋಪಕರಣ ಇನ್ನೊಂದಿಲ್ಲ ಎಂದು ಅವತ್ತೇ ಗೊತ್ತಾಯಿತು. ಕೊಡೇಕಲ್ ಊರನ್ನೇ ತೆಗೆದುಕೊಳ್ಳಿ. ಅಲ್ಲಿನ ಬಸವಣ್ಣನ ಗುಡಿ ಇದ್ದಲ್ಲಿಂದ ಒಂದು ಗೇಣೂ ಕದಲಿಲ್ಲ. ಆದರೆ ಊರು ಸುರಪುರ ಸಂಸ್ಥಾನದಲ್ಲಿತ್ತು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ತೀರಿಹೋದ ಮೇಲೆ ಸಂಸ್ಥಾನ ಇಂಗ್ಲಿಷರ ಕೈಗೆ ಬಿತ್ತು. 1860ರಲ್ಲಿ ಅವರು ಅದನ್ನು ನಿಜಾಮನಿಗೆ ಬಕ್ಷೀಸು ಕೊಟ್ಟರು. 1948ರಲ್ಲಿ ಭಾರತಕ್ಕೆ ಬಂತು, 1956ರಲ್ಲಿ ಮೈಸೂರು ರಾಜ್ಯಕ್ಕೆ, 1973ರಲ್ಲಿ ಅದೇ ರಾಜ್ಯ ಕರ್ನಾಟಕವಾಯಿತು. ಗುಲಬರ್ಗಾ ಜಿಲ್ಲೆ ಹೋಗಿ ಯಾದಗಿರಿ ಬಂತು, ಈಚೆಗೆ ಸುರಪುರ ತಾಲ್ಲೂಕು ಹೋಗಿ ಹುಣಸಗಿ ಬಂತು. ಐದನೇ ತರಗತಿಯವನೊಬ್ಬ ಇಷ್ಟನ್ನೂ ಕೇಳಿ, “ಹಂಗಾರ ಗೆರಿ ನಡೀತಾವ, ಊರು ನಡೆಂಗಿಲ್ಲ” ಎಂದ. ಇದು ಪರಿಸರ ಅಧ್ಯಯನದ ಯಾವ ಕಲಿಕಾಫಲದಡಿ ಬರುತ್ತದೆ ಎಂಬುದನ್ನು ದಯವಿಟ್ಟು ತಿಳಿಸಬೇಕು, ದಾಖಲೆಯಲ್ಲಿ ತುಂಬುವುದಿದೆ.

ಗೆರೆಯ ಮಾತು ಬಂತೆಂದು ಹೇಳುತ್ತೇನೆ. ಯಾದಗಿರಿಯಿಂದ ರಾಯಚೂರಿಗೆ ರೈಲು ಹತ್ತಿದರೆ ಸೈದಾಪುರ ದಾಟಿದ ಮೇಲೆ ಕೃಷ್ಣಾ ಎಂಬ ಸ್ಟೇಷನ್ ಬರುತ್ತದೆ. ಅದು ತೆಲಂಗಾಣ. ಆಮೇಲೆ ಹೊಳೆಯ ಸೇತುವೆ, ಆಚೆ ದಂಡೆಗೆ ಮತ್ತೆ ಕರ್ನಾಟಕ. ಕರ್ನಾಟಕದಿಂದ ಕರ್ನಾಟಕಕ್ಕೆ ಹೋಗುವಾಗ ನಡುವೆ ಇನ್ನೊಂದು ರಾಜ್ಯ ದಾಟುವ ಈ ಒಗಟನ್ನು ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಕಿಟಕಿಯಲ್ಲಿ ಕೂತೇ ಬಿಡಿಸಿದ್ದಾರೆ. ಯಾಕೆಂದರೆ ಅವರು ಆ ರೈಲಿನಲ್ಲಿ ಗುಳೆ ಹೋಗುವವರು.

ಸಾಹೇಬರೆ, ತಾವು ಬಂದ ದಿನ ಹಾಜರಿ ಪುಸ್ತಕ ನೋಡಿ, ‘ಚಳಿಗಾಲದಲ್ಲಿ ಇಷ್ಟು ಮಕ್ಕಳು ಎಲ್ಲಿಗೆ ಹೋಗಿದ್ದರು’ ಎಂದು ಕೇಳಿದಿರಿ. ಭೂಗೋಳ ಕಲಿಯಲು ಹೋಗಿದ್ದರು. ರಾಶಿ ಮುಗಿಯುತ್ತಲೇ ಅಪ್ಪ ಅವ್ವನ ಸಂಗಡ ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದು. ಹೋದ ವರ್ಷ ಹೀಗೆ ಹೋಗಿ ಬಂದ ಮೂರನೇ ತರಗತಿಯ ಹುಡುಗನಿಗೆ, ನಿನ್ನ ಮನೆಯ ದಾರಿ ಬರಿ ಎಂದೆ. ಬರೆದುಕೊಟ್ಟ ಹಾಳೆಯಲ್ಲಿ ನಮ್ಮೂರು ಇರಲಿಲ್ಲ. ನೀಲಿ ತಗಡಿನ ಶೆಡ್ಡು, ನೀರಿನ ಟ್ಯಾಂಕರ್ ನಿಲ್ಲುವ ಜಾಗ, ಕಾವಲುಗಾರನ ಕುರ್ಚಿ, ದಾಟಬಾರದ ದೊಡ್ಡ ರಸ್ತೆ, ದಾಟಿದರೆ ಬಿಸ್ಕತ್ತಿನ ಅಂಗಡಿ. ಎಲ್ಲ ಅಚ್ಚುಕಟ್ಟು. ಹಾಳೆಯ ತುತ್ತತುದಿಯಲ್ಲಿ, ಅಂಚಿಗೆ ಅಂಟಿಕೊಂಡು, ಒಂದು ಸಣ್ಣ ಮನುಷ್ಯ. ಅದು ಯಾರು ಎಂದೆ. “ಅಪ್ಪ ರೀ. ಇಪ್ಪತ್ತನೇ ಮಾಳಿಗಿಮ್ಯಾಲ ಪ್ಲಾಸ್ಟರ್ ಹಚ್ತಾನ.” ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಅಪ್ಪ ಮ್ಯಾಲ ಇರ್ತಾನಲ್ರಿ ಸರ್ರ, ಅಂದ್ರ ಉತ್ತರಕ್ಕ ಇರ್ತಾನೇನ್ರಿ?”

ನಾನು ತಕ್ಷಣ ಉತ್ತರ ಕೊಡಲಿಲ್ಲ. ಗೈಡಿನಲ್ಲೂ ಇರಲಿಲ್ಲ.

ಮೇಲೆ, ಕೆಳಗೆ ಎಂಬ ಮಾತುಗಳಿಂದ ಆಗಿರುವ ಹಾನಿ ಅಷ್ಟಿಷ್ಟಲ್ಲ. ಗೋಡೆಯ ನಕಾಶೆಯಲ್ಲಿ ಬೆಂಗಳೂರು ಕೆಳಗಿದೆ, ನಾವು ಮೇಲಿದ್ದೇವೆ. ನೆಲದ ಲೆಕ್ಕದಲ್ಲಿ ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಯಾದಗಿರಿ ಅದರ ಅರ್ಧದಷ್ಟೂ ಇಲ್ಲ. ರೈಲು ಇಲ್ಲಿಂದ ಬೆಂಗಳೂರಿಗೆ ಇಳಿಯುವುದಿಲ್ಲ, ಏರುತ್ತದೆ. ಇನ್ನು ತಮಗೆ ಚೆನ್ನಾಗಿ ಪರಿಚಯವಿರುವ ಮೂರನೇ ನಕಾಶೆಯೊಂದಿದೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿ. 2023ರಲ್ಲಿ, ಮತ್ತೆ 2024ರಲ್ಲಿ, ಯಾದಗಿರಿ ಅದರ ಕಟ್ಟಕಡೆಗೆ ಇತ್ತು. ರಾಜ್ಯದ ಬಹಳಷ್ಟು ಜನಕ್ಕೆ ಯಾದಗಿರಿ ಎಲ್ಲಿದೆ ಎಂದು ಗೊತ್ತಿರುವುದು ಈ ನಕಾಶೆಯಿಂದಲೇ. ಇದರಲ್ಲಿ ಮಾತ್ರ ಬೆಂಗಳೂರಿನವರು ನಮ್ಮನ್ನು ಕೂಡಲೇ ಗುರುತಿಸುತ್ತಾರೆ.

ಆ ಪರೀಕ್ಷೆಯಲ್ಲಿ ಭಾರತದ ನಕಾಶೆ ಬಿಡಿಸಿ ಸ್ಥಳ ಗುರುತಿಸಲು ಐದು ಅಂಕ. ಈ ಐದು ಅಂಕಕ್ಕಾಗಿ ತಯಾರಿ ಪ್ರಾಥಮಿಕ ಶಾಲೆಯಿಂದಲೇ ಶುರುವಾಗಲಿ ಎಂದು ತಾವು ಸಲಹೆಯನ್ನೂ ಕೊಟ್ಟಿದ್ದೀರಿ. ಶುರುವಾಗಿದೆ. ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನ ಭಾರತ ಸಿಗುತ್ತದೆ, ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದರೆ ದೇಶ ಸಿದ್ಧ. ಅದು ತರದವನಿಗೆ ಒಂದು ತ್ರಿಕೋನ, ಬಲಕ್ಕೊಂದು ಬಾಲ. ಲಕ್ಷದ್ವೀಪಕ್ಕೆ ನಾಲ್ಕು ಚುಕ್ಕಿ. ‘ಎಲ್ಲ ಕಡೆ ನೀರಿನಿಂದ ಸುತ್ತುವರಿದ ಭೂಭಾಗವೇ ದ್ವೀಪ’ ಎಂದು ಮಕ್ಕಳು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಪಕ್ಕದ ಸುರಪುರ ತಾಲ್ಲೂಕಿನಲ್ಲಿ ಕೃಷ್ಣೆಯ ನಡುವೆ ನೀಲಕಂಠರಾಯನಗಡ್ಡಿ ಇದೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ನೀರು ಬಿಟ್ಟಾಗಲೆಲ್ಲ ಆ ಊರಿಗೆ ದಾರಿ ಕಡಿದುಹೋಗುತ್ತಿತ್ತು. ‘ಗಡ್ಡಿ’ ಎಂಬ ಮಾತು ಮಕ್ಕಳ ಬಾಯಲ್ಲಿದೆ, ‘ದ್ವೀಪ’ ಎಂಬುದು ಪುಸ್ತಕದಲ್ಲಿದೆ. ಎರಡೂ ಒಂದೇ ಎಂದು ಯಾರೂ ಅವರಿಗೆ ಹೇಳಿಲ್ಲ. ನಾನು ಹೇಳಿದ ದಿನ ಒಬ್ಬ ಹುಡುಗಿಗೆ ಭಾರಿ ನಿರಾಸೆಯಾಯಿತು. ದ್ವೀಪವೆಂದರೆ ಇನ್ನೇನೋ ಚಂದದ್ದು ಅಂದುಕೊಂಡಿದ್ದಳಂತೆ. ಗಡ್ಡಿಯಲ್ಲಿ ಅವಳ ಸೋದರಮಾವನ ಎಮ್ಮೆಗಳಿವೆ.

ಇನ್ನು ತಪ್ಪೊಪ್ಪಿಗೆ. ಇದು ಪೂರಾ ನನ್ನದೇ ತಪ್ಪು. ಮಟಮಟ ಮಧ್ಯಾಹ್ನ ನೆಟ್ಟ ಕೋಲಿನ ನೆರಳು ಉತ್ತರಕ್ಕೆ ಬೀಳುತ್ತದೆ ಎಂದು ಇಪ್ಪತ್ತು ವರ್ಷ ಕಲಿಸಿದೆ, ಒಂದು ದಿನವೂ ಕೋಲು ನೆಡಲಿಲ್ಲ. ತಮ್ಮ ಷರಾದ ದೆಸೆಯಿಂದ ನೆಟ್ಟೆ. ಆಷಾಢದಲ್ಲಿ ಮೋಡ ಸರಿದ ಒಂದು ದಿನ ಮೀಟರ್ ಉದ್ದದ ಕೋಲು ನಿಲ್ಲಿಸಿ ಮಕ್ಕಳೆಲ್ಲ ಸುತ್ತ ಕೂತೆವು. ನೆರಳು ಗಿಡ್ಡವಾಗುತ್ತಾ ಬಂದು, ಗೇಣಿಗಿಂತ ಕಡಿಮೆಯಾಗಿ, ತಣ್ಣಗೆ ದಕ್ಷಿಣಕ್ಕೆ ಬಿತ್ತು! ಮಕ್ಕಳು ನನ್ನ ಮುಖ ನೋಡಿದರು. ನಾನು ಕೋಲಿನ ಮುಖ ನೋಡಿದೆ. ಆ ರಾತ್ರಿ ಲೆಕ್ಕ ಹಾಕಿ ನೋಡಿದರೆ ಕೋಲಿನದೇ ಸರಿ. ನಮ್ಮ ಯಾದಗಿರಿ, ಶಹಾಪುರ, ಸುರಪುರ ಇರುವುದು ಹದಿನಾರೂವರೆ, ಹದಿನೇಳು ಡಿಗ್ರಿ ಅಕ್ಷಾಂಶದ ನಡುವೆ. ಸೂರ್ಯ ಕರ್ಕಾಟಕ ವೃತ್ತದ ತನಕ, ಅಂದರೆ ಇಪ್ಪತ್ತಮೂರೂವರೆ ಡಿಗ್ರಿಯ ತನಕ ಹೋಗಿ ತಿರುಗುತ್ತಾನೆ. ಹಾಗಾಗಿ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದ ತನಕ ನಡುಹಗಲಲ್ಲಿ ಅವನು ನಮ್ಮ ನೆತ್ತಿಯ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ. ಅಂದರೆ ಶಾಲೆ ತೆರೆದು ಈ ಪಾಠ ಮಾಡುವ ತಿಂಗಳಲ್ಲೇ ನಮ್ಮ ಮಾತು ಸುಳ್ಳು. ಮರುದಿನ ಶಾಲೆಗೆ ಬಂದು ನಾಲ್ಕನೇ ತರಗತಿಯ ಆ ಹುಡುಗಿಯ ಕ್ಷಮೆ ಕೇಳಿದೆ. “ಆಗ್ಲಿ ಬಿಡ್ರಿ ಸರ್ರ” ಎಂದಳು, ದೊಡ್ಡ ಮನಸ್ಸಿನಿಂದ.

ಅಲ್ಲಿಂದ ಮುಂದೆ ಯಾರ ಮಾತನ್ನೂ ನಂಬದೆ ಅಳೆಯುವ ಚಟ ಹತ್ತಿತು. ಒಬ್ಬ ಹುಡುಗನ ಅಜ್ಜ, ಹಿಂದೆ ಸರ್ವೆಯವರ ಸಂಗಡ ಸರಪಳಿ ಎಳೆದವನು, ಶಾಲೆಗೆ ಬಂದು ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ ಎಂದು ಅಂಗಳದಲ್ಲೇ ಹಗ್ಗ ಹಿಡಿದು ತೋರಿಸಿದ. ಗಣಿತ ಪುಸ್ತಕದಲ್ಲಿ ಸತ್ತುಬಿದ್ದಿದ್ದ ಕ್ಷೇತ್ರಫಲ ಎದ್ದು ಕೂತಿತು. ಬಾಂದುಕಲ್ಲು ಎಲ್ಲಿದೆ, ಅದನ್ನು ರಾತ್ರಿ ಯಾರು ಸರಿಸಿದರು ಎಂಬುದು ಪ್ರತಿ ಮಗುವಿಗೂ ಗೊತ್ತಿತ್ತು. ಕಾಲುವೆಯ ಕಡೆಯ ಹೊಲದವರ ಮಗನಿಗೆ ನೆಲದ ಇಳಿಜಾರು ನನಗಿಂತ ಚೆನ್ನಾಗಿ ಗೊತ್ತು. ನೀರು ಯಾವ ತಿರುವಿನಲ್ಲಿ ನಿಂತುಬಿಡುತ್ತದೆಂದು ಮನೆಯಲ್ಲಿ ದಿನಾ ಜಗಳ ಕೇಳಿ ಬೆಳೆದವನು. ಶಹಾಪುರದ ಪಕ್ಕದ ವಿಭೂತಿಹಳ್ಳಿಗೂ ಹೋಗಿಬಂದೆವು. ಅಲ್ಲಿ ಯಾವುದೋ ಕಾಲದವರು ಬಂಡೆಗಲ್ಲುಗಳನ್ನು ಸಾಲುಸಾಲಾಗಿ, ದಾರ ಹಿಡಿದಂತೆ ಇಟ್ಟುಹೋಗಿದ್ದಾರೆ. ಸುರಪುರದ ಗುಡ್ಡದ ಮೇಲೆ ಬಂಗಲೆ ಕಟ್ಟಿಸಿಕೊಂಡಿದ್ದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಈ ಸೀಮೆಯ ಇಂಥ ಹಳೆಯ ಕಲ್ಲುಗಳನ್ನು ನೋಡಿ ಬರೆದಿಟ್ಟು ಒಂದೂವರೆ ಶತಮಾನ ದಾಟಿದೆ. ನಮ್ಮ ಮಕ್ಕಳು ಸಾಲುಗಳನ್ನು ಹೆಜ್ಜೆಯಲ್ಲಿ ಅಳೆದು, ಲೆಕ್ಕ ತಪ್ಪಿ, ಜಗಳಾಡಿ, ಮತ್ತೆ ಅಳೆದರು.

ಬರುವಾಗ ಶಹಾಪುರದ ಮಲಗಿದ ಬುದ್ಧನನ್ನು ನೋಡಿದೆವು. ದೂರದಿಂದ ಹಣೆ, ಮೂಗು, ಎದೆ ಎಲ್ಲ ಸ್ಪಷ್ಟ. ಹತ್ತಿರ ಹೋದಂತೆ ಬುದ್ಧ ಇಲ್ಲ, ಬರೀ ಗುಡ್ಡ. ಎಲ್ಲಿ ನಿಂತರೆ ಬುದ್ಧ ಕಾಣುತ್ತಾನೆ, ಎಲ್ಲಿಂದ ಮುಂದೆ ಕಾಣುವುದಿಲ್ಲ ಎಂದು ಮಕ್ಕಳು ಬಸ್ಸಿನ ಕಿಟಕಿಯಿಂದ ಹಿಡಿದ ಗುರುತುಗಳು ನನ್ನ ಬಳಿ ಇವೆ. ತಾವು ಕಾರಿನಲ್ಲಿ ಬರುವಾಗ ಉಪಯೋಗಕ್ಕೆ ಬಂದಾವು.

ತಮ್ಮ ಮುಂದಿನ ಭೇಟಿಗೆ ಅನುಕೂಲವಾಗಲೆಂದು ಮಕ್ಕಳು ಬರೆದ ಶಾಲೆಯ ದಾರಿಯ ನಕಾಶೆಯನ್ನು ಇದರ ಸಂಗಡ ಇಟ್ಟಿದ್ದೇನೆ. ಪ್ರಮಾಣ: ಒಂದು ಬೆಂಕಿಕಡ್ಡಿಗೆ ನೂರು ಹೆಜ್ಜೆ. ಹೆಜ್ಜೆ ನಾಲ್ಕನೇ ತರಗತಿಯವಳದು, ತಮ್ಮದಕ್ಕೆ ಮೂರರಲ್ಲಿ ಎರಡು ಪಾಲು ಹಿಡಿಯಬಹುದು. ಕೆಂಪು ಗುರುತಿರುವ ಮನೆಯಲ್ಲಿ ನಾಯಿ ಇದೆ, ಹಗ್ಗ ಹಾಕಿರುವುದಿಲ್ಲ. ಹಾಳೆಯ ಮೇಲ್ತುದಿಗೆ ಅವರು ಉತ್ತರ ಹಾಕಿಲ್ಲ, ಊರಿನ ಗುಡ್ಡ ಹಾಕಿದ್ದಾರೆ. ಅಗಸಿಯಲ್ಲಿ ನಿಂತರೆ ಎದುರಿಗೆ ಕಾಣುವುದು ಅದೇ. ಉತ್ತರ ಎಡಗಡೆ ಇದೆ, ಬಾಣ ಬರೆದಿದ್ದಾರೆ. ಓದಲು ತೊಡಕಾದರೆ ಹಾಳೆಯನ್ನು ತಿರುಗಿಸಿ ಹಿಡಿಯಬೇಕು.

ತಮ್ಮ ವಿಶ್ವಾಸಿ,
ಶಹಾಪುರ ತಾಲ್ಲೂಕಿನ ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕ

ಲಗತ್ತು: ನಕಾಶೆ ಒಂದು, ಬೆಂಕಿಕಡ್ಡಿ ಒಂದು.